ಅತ್ತೆ ಇಳಿಯದ ಬಂಡಿ

ಮದುವೆಯಾದ ಹೊಸತರಲ್ಲಿ ಯಂತ್ರಗಳ ಬಗ್ಗೆ ನನಗಿದ್ದ ಜ್ಞಾನವೆಂದರೆ, ಸೈಕಲ್ಲಿನ ಚೈನು ಕಳಚಿದಾಗ ಕೈ ಕಪ್ಪಾಗದಂತೆ ಬೇರೆಯವರಿಂದ ಹಾಕಿಸಿಕೊಳ್ಳುವುದು. ಅಷ್ಟೇ. ಇಂಥವನು ಒಂದು ಹಳೇ ಮೋಟಾರ್ ಬೈಕಿನ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಬಿಚ್ಚಿ ಮನೆಯಲ್ಲೇ ಮತ್ತೆ ಜೋಡಿಸಿ ಓಡಿಸುತ್ತೇನೆಂದು ಮಾವನ ಮನೆಯ ಬಾಳೆಲೆಯ ಮುಂದೆ ಕೂತು ಮಾತು ಕೊಟ್ಟುಬಿಟ್ಟೆ. ಹೊಟ್ಟೆ ತುಂಬಿದರೆ ಕೆಲವರಿಗೆ ನಿದ್ದೆ ಬರುತ್ತದೆ, ನನಗೆ ಜಂಭ ಬರುತ್ತದೆ. ಅವತ್ತು ಎಲೆಯಲ್ಲಿ ಎರಡು ಬಗೆಯ ಪಾಯಸ ಬೇರೆ ಇತ್ತು.

ಎಂಬತ್ತರ ದಶಕದ ಆರಂಭದ ಮಾತು ಇದು. ಅದು ನಮ್ಮ ತಲೆದೀಪಾವಳಿ. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗಲೇಬೇಕು, ಮಾವ ಏನಾದರೂ ಕೊಡಲೇಬೇಕು. ನಾವು ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದ ನೇಕಾರರು, ಅವರ ಊರು ಕುನ್ನತ್ತೂರಿನ ಪಕ್ಕ. ಮನೆಯೊಳಗೆ ಎರಡು ಗುಂಡಿ ಮಗ್ಗ, ಹಿತ್ತಲಲ್ಲಿ ಮಾವ ನೂಲಿಗೆ ಬಣ್ಣ ಹಾಕುವ ತೊಟ್ಟಿ. ಮಗ್ಗದ ಕೋಣೆಯ ಮೂಲೆಯಲ್ಲಿ ಹರಕು ಸೀರೆ ಹೊದ್ದು ಆ ಬೈಕು ನಿಂತಿತ್ತು. ನಮ್ಮ ಕಡೆ ಬೈಕನ್ನೂ ಬಂಡಿ ಎಂದೇ ಕರೆಯುತ್ತೇವೆ. ಎರಡನೇ ಮಹಾಯುದ್ಧದ ಕಾಲದ ವಿಲಾಯತಿ ಬಂಡಿ. ಮಾವ ತಮ್ಮ ಹರೆಯದಲ್ಲಿ ಯಾವುದೋ ಟೀ ಎಸ್ಟೇಟಿನವರಿಂದ ಕೊಂಡು, ಹಿಂದಿನ ಸೀಟಿಗೆ ಸೀರೆಯ ಮೂಟೆ ಕಟ್ಟಿಕೊಂಡು ವ್ಯಾಪಾರಕ್ಕೆ ಓಡಾಡಿದ್ದರು.

"ಏನ್ ಬೇಕು ಹೇಳಿ ಮಾಪ್ಳೆ, ವಾಚಾ, ಉಂಗುರಾನಾ?" ಎಂದು ಕೇಳಿದರು. ಅಳಿಯನಿಗೆ ಅವರು ಮಾಪ್ಳೆ ಎನ್ನುತ್ತಿದ್ದರು.

"ಆ ಬಂಡಿ ಕೊಟ್ಬಿಡಿ ಮಾವ. ನಾನೇ ರಿಪೇರಿ ಮಾಡ್ಕೊತೀನಿ" ಎಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ನಕ್ಕರು. "ಮದ್ವೆ ಆದ್ ವರುಷ ತಂದ ಬಂಡಿ ಅದು. ನಾನೇ ಇನ್ನೂ ಒಂದ್ ದಪ ಅದ್ರ ಮೇಲೆ ಕೂತಿಲ್ಲ. ನೀವ್ ಬಂದು ಕೇಳ್ತೀರಲ್ಲ."

ಆಗ ಕಥೆ ಹೊರಬಂತು. ಬಂಡಿ ಬಂದ ಹೊಸತರಲ್ಲಿ ಅತ್ತೆ ಕುಣಿದಾಡಿಕೊಂಡು ಕೊಯಮತ್ತೂರಿನ ಆಚೆ ಮದುಕ್ಕರೈಯಲ್ಲಿದ್ದ ತಮ್ಮ ಅಕ್ಕನಿಗೆ ಹೇಳಿ ಕಳಿಸಿದ್ದರಂತೆ, ಮುಂದಿನ ಸಲ ನಿನ್ನ ಮನೆಗೆ ಬಂಡಿಯಲ್ಲೇ ಬರುತ್ತೇನೆ ಎಂದು. ಆದರೆ ಮಾವನ ತಾಯಿ ಬಿಡಲಿಲ್ಲ. ಸೊಸೆಯಾದವಳು ಗಂಡನ ಬೆನ್ನಿಗೆ ಅಂಟಿಕೊಂಡು ಬೀದಿಯಲ್ಲಿ ಹೋಗುವುದು ಯಾವ ಮರ್ಯಾದೆ ಎಂದು ಆಕೆಯ ವಾದ. ಆ ಮುದುಕಿ ಇರುವತನಕ ಅತ್ತೆ ಬಂಡಿ ಹತ್ತಲಿಲ್ಲ. ಆಕೆ ತೀರಿಕೊಂಡ ವರ್ಷವೇ ಎಂಜಿನ್ನೂ ಕಚ್ಚಿಕೊಂಡು ನಿಂತಿತು. ಅಲ್ಲಿಂದ ಇಲ್ಲಿಯವರೆಗೆ ಅತ್ತೆ ಮದುಕ್ಕರೈಗೆ ಬಸ್ಸಿನಲ್ಲೇ ಹೋಗುತ್ತಾರೆ, ಅಕ್ಕ ಪ್ರತಿ ಸಲವೂ ಬಾಗಿಲಲ್ಲೇ ನಿಂತು "ಏನೇ, ಬಂಡೀಲಿ ಬಂದ್ಯಾ?" ಎಂದು ಕೇಳುತ್ತಾರೆ. ಹೀಗೆ ಕೇಳಿದಾಗೆಲ್ಲ ಅತ್ತೆಯ ಮೈ ಉರಿಯುತ್ತದೆ. ಹೇಳುವಾಗಲೂ ಅವರು ನಗುತ್ತಲೇ ಇದ್ದರು, ಕಣ್ಣು ಮಾತ್ರ ನಗುತ್ತಿರಲಿಲ್ಲ.

ಮಾವ ಎಲೆ ಮಡಿಸಿ ಹೇಳಿದರು, "ಬಂಡಿ ನಿಮ್ದೇ. ಆದ್ರೆ ಓಡೋ ಹಂಗೆ ಮಾಡಿ ಒಂದ್ ದಪ ನನ್ ಕೈಗೆ ಕೊಡ್ಬೇಕು. ಇವಳ್ನ ಕೂರಿಸ್ಕೊಂಡು ಮದುಕ್ಕರೈಗೆ ಹೋಗಿ ಬರ್ತೀನಿ. ಅಪ್ಪುರ ಬಂದ್ಮೇಲೆ ನೀವೇ ಇಟ್ಕೊಳ್ಳಿ."

"ತೈ ಅಮಾಸೆಗೆ ರೆಡಿ ಮಾವ" ಎಂದೆ. ಪೊಂಗಲ್ ಮುಗಿದ ಮೇಲೆ ಬರುವ ಅಮಾವಾಸ್ಯೆ ಅದು. ನಮ್ಮವರು ಅಮಾವಾಸ್ಯೆ ದಿನ ಮಗ್ಗ ಮುಟ್ಟುವುದಿಲ್ಲ, ಹಾಗಾಗಿ ಎಲ್ಲರಿಗೂ ರಜೆ. ಒಳ್ಳೆಯ ಕೆಲಸ ಶುರು ಮಾಡುವುದಕ್ಕೂ ನಮ್ಮ ಕಡೆ ಅದೇ ಒಳ್ಳೆಯ ದಿನ. ನನ್ನ ಹೆಂಡತಿ ಪಕ್ಕದಲ್ಲಿ ಕೂತು ನನ್ನ ತೊಡೆ ಚಿವುಟುತ್ತಿದ್ದಳು. ಅದನ್ನು ನಾನು ಪ್ರೀತಿ ಎಂದುಕೊಂಡೆ.

ನೂಲಿನ ಮೂಟೆಗಳ ಜೊತೆ ಲಾರಿ ಹತ್ತಿ ಬಂಡಿ ಕೊಯಮತ್ತೂರಿಗೆ ಬಂತು. ಗಾಂಧಿಪುರಂನ ಒಂದು ನೂಲಿನ ಅಂಗಡಿಯಲ್ಲಿ ನಾನು ಗುಮಾಸ್ತ. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ, ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಚಾಪೆಯಗಲದ ಪಡಸಾಲೆ. ಬಂಡಿ ಪಡಸಾಲೆಯಲ್ಲಿ ನಿಂತಿತು, ನಾವು ಅದಕ್ಕೆ ಜಾಗ ಬಿಟ್ಟು ಓರೆಯಾಗಿ ಓಡಾಡತೊಡಗಿದೆವು.

ಭಾನುವಾರ ಬಿಚ್ಚಲು ಕೂತೆ. ಬಿಚ್ಚುವುದು ಎಷ್ಟು ಸುಲಭವೆಂದರೆ ಮಧ್ಯಾಹ್ನದ ಹೊತ್ತಿಗೆ ನಾನು ನನ್ನನ್ನು ದೊಡ್ಡ ಮೆಕ್ಯಾನಿಕ್ ಎಂದೇ ತಿಳಿದುಕೊಂಡಿದ್ದೆ. ಪಿಸ್ಟನ್ ಒಂದು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ತುಕ್ಕು ಹಿಡಿದು ಸಿಲಿಂಡರಿನೊಳಗೆ ಬೇರೂರಿತ್ತು. ಸೀಮೆಎಣ್ಣೆ ಸುರಿದು ವಾರವೆಲ್ಲ ನೆನೆಹಾಕಿ, ಮೇಲೆ ಕಟ್ಟಿಗೆಯಿಟ್ಟು ಬಡಿದು, ಬೈದು, ಕೊನೆಗೆ ಹೆಂಡತಿ ಬಂದು ಇನ್ನೊಂದು ತುದಿ ಹಿಡಿದುಕೊಂಡ ಮೇಲೆ ಹೊರಬಂತು. ಬಂದ ರಭಸಕ್ಕೆ ನಾನು ಹಿಂದಕ್ಕೆ ಬಿದ್ದು ಅಕ್ಕಿ ಡಬ್ಬ ಉರುಳಿಸಿದೆ. ಅವತ್ತಿನ ಅನ್ನಕ್ಕೆ ಸೀಮೆಎಣ್ಣೆಯ ವಾಸನೆಯಿತ್ತು. ಇಬ್ಬರೂ ಅದನ್ನೇ ಉಂಡೆವು.

ಬಿಚ್ಚಿದ್ದನ್ನು ಯಾವುದರ ನಂತರ ಯಾವುದು ಎಂದು ನೆನಪಿಡಬೇಕಲ್ಲ. ಮೊದಲು ಚೀಟಿ ಬರೆದು ಒಂದೊಂದಕ್ಕೂ ಅಂಟಿಸಿದೆ. ತಮಿಳಿನಲ್ಲಿ ಬರೆದೆ, ಯಾಕೆಂದರೆ ಆಗ ನನಗೆ ಕನ್ನಡದ ಅಕ್ಷರವೇ ಬರುತ್ತಿರಲಿಲ್ಲ. ಕನ್ನಡ ಬಾಯಲ್ಲಿತ್ತೇ ಹೊರತು ಕೈಗೆ ಬಂದಿರಲಿಲ್ಲ. ಆ ಚೀಟಿಗಳು ಎಣ್ಣೆಯಲ್ಲಿ ನೆನೆದು ಮರುದಿನಕ್ಕೇ ಮುದ್ದೆಯಾದವು. ಹೆಂಡತಿ ಅದನ್ನು ನೋಡಿ ಒಳಗೆ ಹೋಗಿ ತವರಿನಿಂದ ತಂದಿದ್ದ ನೂಲಿನ ಲಡಿಗಳನ್ನು ತಂದಳು, ಕೆಂಪು ಒಂದು, ಹಸಿರು ಒಂದು. ಎರಡೂ ಮಾವನೇ ಬಣ್ಣ ಹಾಕಿದವು.

"ಎಂಜಿನ್ದಕ್ಕೆ ಕೆಂಪು ಕಟ್ಟೋಣ, ಗೇರ್‌ದಕ್ಕೆ ಹಸಿರು. ಮೊದ್ಲು ಬಿಚ್ಚಿದ್ದಕ್ಕೆ ಒಂದ್ ಗಂಟು, ಆಮೇಲಿಂದಕ್ಕೆ ಎರಡು. ಜೋಡ್ಸೋವಾಗ ಜಾಸ್ತಿ ಗಂಟಿಂದು ಮೊದ್ಲು ಒಳಗೆ ಹೋಗ್ಬೇಕು. ಸರಿನಾ?" ಎಂದಳು.

ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಗುರುತು ಬೇಕೆಂದರೆ ಕೈ ಹೋಗುವುದು ನೂಲಿಗೇ. ನನ್ನ ಹೆಂಡತಿ ಮಗ್ಗದ ಹಳೇ ಹಾಸಿನ ಎಳೆಗಳಿಗೆ ಹೊಸ ಎಳೆ ಸೇರಿಸಿ ಗಂಟು ಹಾಕುತ್ತಲೇ ಬೆಳೆದವಳು. ಅವಳ ಬೆರಳು ಗಂಟು ಹಾಕುವುದು ಕಣ್ಣಿಗೇ ಕಾಣುತ್ತಿರಲಿಲ್ಲ. ನಾನು ಬಿಚ್ಚಿ ಕೊಡುತ್ತಿದ್ದೆ, ಅವಳು ಕಟ್ಟುತ್ತಿದ್ದಳು. ಪೆಟ್ರೋಲ್ ಟ್ಯಾಂಕಿನಿಂದ ಬರುವ ಕೊಳವೆಯ ತುದಿಯ ಬೋಲ್ಟ್ ಕೈಗೆ ಬಂದಾಗ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಳಗೆಲ್ಲ ಪೊಳ್ಳಾದ ಸಣ್ಣ ಬೋಲ್ಟ್ ಅದು, ಪೆಟ್ರೋಲು ಅದರೊಳಗಿಂದಲೇ ಹರಿದು ಕಾರ್ಬ್ಯುರೇಟರಿಗೆ ಹೋಗಬೇಕು.

"ಇದಕ್ಕೆ ಕಟ್ಟೋಕೆ ಜಾಗಾನೇ ಇಲ್ವಲ್ಲ. ಜಾರಿ ಹೋಗ್ತದೆ."

"ತೂತಿದೆಯಲ್ಲ, ಅದರೊಳಗೇ ಪೋಣಿಸು" ಎಂದೆ. ಮೆಕ್ಯಾನಿಕ್ ನಾನಲ್ಲವೇ?

ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಕೊರೆಸಿ ಹೊಸ ಪಿಸ್ಟನ್ ತಂದೆ. ಬೇರಿಂಗುಗಳಿಗಾಗಿ ಉಕ್ಕಡಂ ಪೇಟೆಯ ಹಳೇ ಕಬ್ಬಿಣದ ಅಂಗಡಿಗಳ ರಾಶಿಯಲ್ಲಿ ಭಾನುವಾರಗಳನ್ನು ಕಳೆದೆ. ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕವಚಕ್ಕೆ ಬೇರಿಂಗ್ ಕೂರಿಸಬೇಕಾದರೆ ಕವಚವನ್ನು ಬಿಸಿ ಮಾಡಿ ಹಿಗ್ಗಿಸಬೇಕಂತೆ. ಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆ ಯಾವುದಿದೆ? ಇಡ್ಲಿ ಪಾತ್ರೆ. ಹೆಂಡತಿ ತರಕಾರಿಗೆ ಹೋದ ಹೊತ್ತು ನೋಡಿ ಅದರಲ್ಲಿ ಗೇರ್‌ಬಾಕ್ಸನ್ನು ಬೇಯಿಸಿದೆ. ಬೇರಿಂಗೇನೋ ಟಕ್ಕೆಂದು ಕೂತಿತು, ಆದರೆ ಪಾತ್ರೆಯ ಸುತ್ತ ಕರೀ ಎಣ್ಣೆಯ ಗೆರೆ ಉಳಿಯಿತು. ಅವಳು ಬಂದು ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದಳು. ಮರುದಿನ ಬೆಳಿಗ್ಗೆ ತಟ್ಟೆಯಲ್ಲಿ ಇಡ್ಲಿಯ ಬದಲು ಒಂದು ಹಳೇ ಬೇರಿಂಗ್, ಪಕ್ಕದಲ್ಲಿ ಚಟ್ನಿ. ಹೊಸ ಇಡ್ಲಿ ಪಾತ್ರೆ ಬರುವವರೆಗೂ ನಮ್ಮ ಮನೆಯಲ್ಲಿ ಉಪ್ಪಿಟ್ಟೇ ತಿಂಡಿ.

ಪ್ರತಿ ಅಮಾವಾಸ್ಯೆಗೂ ಮಾವ ಬಸ್ಸು ಹತ್ತಿ ಬಂದು ಬಾಗಿಲ ಹೊಸ್ತಿಲ ಬಳಿ ಕೂರುತ್ತಿದ್ದರು. ಮೊದಲ ಸಲ ಬಂದಾಗ ಬಂಡಿ ಇರಲಿಲ್ಲ, ಗೋಣಿಚೀಲದ ಮೇಲೆ ಕೆಂಪು ಹಸಿರು ನೂಲು ಕಟ್ಟಿಸಿಕೊಂಡ ಕಬ್ಬಿಣದ ರಾಶಿಯಿತ್ತು. ಮಾವ ಅದನ್ನೇ ನೋಡುತ್ತಾ ಕಾಫಿ ಕುಡಿದರು.

"ಅವಳು ಅಕ್ಕನಿಗೆ ಹೇಳ್ಬಿಟ್ಟವ್ಳೆ ಮಾಪ್ಳೆ, ತೈ ಅಮಾಸೆಗೆ ಬಂಡೀಲಿ ಬರ್ತೀನಿ ಅಂತ" ಎಂದರು ಹೊರಡುವಾಗ. "ನೀವೇನ್ ಅವಸರ ಮಾಡ್ಬೇಡಿ. ಸುಮ್ಮಾ ಹೇಳ್ದೆ."

ಅಲ್ಲಿಯವರೆಗೆ, ಬಂಡಿ ಓಡದಿದ್ದರೆ ನನ್ನ ಮಾನ ಮಾತ್ರ ಹೋಗುತ್ತದೆ ಎಂದುಕೊಂಡಿದ್ದೆ. ನನ್ನ ಮಾನ ಅಷ್ಟೇನೂ ದುಬಾರಿಯದಲ್ಲ, ಹೋದರೆ ಹೋಗಲಿ. ಅತ್ತೆ ಇನ್ನೊಂದು ಸಲ ಬಸ್ಸಿನಿಂದಿಳಿದು ಅಕ್ಕನ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಲ್ಲುವುದನ್ನು ನೆನೆಸಿಕೊಂಡು ನಿಜಕ್ಕೂ ಸಂಕಟವಾಯಿತು.

ಜೋಡಿಸುವ ಕೆಲಸ ಪೊಂಗಲ್ಲಿಗೆ ಮುಂಚಿನ ಮಾರ್ಗಳಿ ತಿಂಗಳೆಲ್ಲ ನಡೆಯಿತು. ಹೆಂಡತಿ ಗಂಟು ಎಣಿಸಿ ಎಣಿಸಿ ಕೊಡುವುದು, ನಾನು ಕತ್ತರಿಯಿಂದ ನೂಲು ಕತ್ತರಿಸಿ ಎಳೆದು ಬಿಸಾಕಿ ತಿರುಪು ಬಿಗಿಯುವುದು. ಗೇರ್‌ಬಾಕ್ಸನ್ನು ಮೊದಲ ಸಲ ಜೋಡಿಸಿದಾಗ ಯಾವ ಗೇರೂ ಬೀಳಲಿಲ್ಲ. ಎರಡನೆಯ ಸಲ ಎಲ್ಲವೂ ಬಿದ್ದವು, ಆದರೆ ತಲೆಕೆಳಗಾಗಿ. ಬಲಗಾಲಿನ ಲಿವರನ್ನು ಮೇಲೆತ್ತಿದರೆ ಬೀಳಬೇಕಾದ ಮೊದಲ ಗೇರು ಕೆಳಗೆ ಒತ್ತಿದರೆ ಬೀಳುತ್ತಿತ್ತು. ಲಿವರಿನ ಒಳಗಿನ ತುಂಡೊಂದನ್ನು ಮಗುಚಿ ಹಾಕಿದ್ದೆ. ಮತ್ತೆ ಬಿಚ್ಚುವ ಧೈರ್ಯ ನನಗಿರಲಿಲ್ಲ, ಇಡ್ಲಿ ಪಾತ್ರೆಯೂ ಹೊಸದಿತ್ತು. ಪೊಂಗಲ್ಲಿಗೆ ಮೊದಲ ಸಲ ಕಿಕ್ ಹೊಡೆದಾಗ ಎಂಜಿನ್ನು ನನ್ನನ್ನು ವಾಪಸ್ ಒದೆಯಿತು. ಮೊಣಕಾಲು ಊದಿಕೊಂಡಿತು. ಅಂಗಡಿಯ ಯಜಮಾನರಿಗೆ ಬಚ್ಚಲಲ್ಲಿ ಜಾರಿದೆ ಎಂದೆ. ನಾಲ್ಕು ದಿನ ಬಿಟ್ಟು, ಎಂಜಿನ್ನಿನೊಳಗೆ ಕಿಡಿ ಹಾರುವ ಹೊತ್ತನ್ನು ಸರಿಮಾಡಿ, ಕುಲದೇವತೆಗೆ ಕೈಮುಗಿದು ಒದ್ದೆ. ಬಂಡಿ ಗುಡುಗಿತು. ಅಡುಗೆಮನೆಯ ತಟ್ಟೆಗಳೆಲ್ಲ ನಡುಗಿದವು. ಹೆಂಡತಿ ಓಡಿ ಬಂದಳು. ನನಗೆ ಅಳು ಬಂತು, ಹೊಗೆ ಎಂದು ಹೇಳಿದೆ.

ತೈ ಅಮಾವಾಸ್ಯೆ ಬೆಳಿಗ್ಗೆ ಅತ್ತೆ ಮಾವ ಮನೆಯಲ್ಲಿ ಹಿರಿಯರಿಗೆ ಎಡೆಯಿಟ್ಟು ಬಸ್ಸಿನಲ್ಲಿ ಬಂದರು. ಅತ್ತೆ ಮಾವನೇ ನೇಯ್ದಿದ್ದ ಕೆಂಪು ಸೀರೆ ಉಟ್ಟಿದ್ದರು, ಕೈಯಲ್ಲಿ ಅಕ್ಕನಿಗೆಂದು ಕರಿದ ಮುರುಕ್ಕಿನ ಡಬ್ಬ. ಬಂಡಿಯ ಹಿಂಬದಿಗೆ ನಾನು ಹೊಸದಾಗಿ ಹಾಕಿಸಿದ ಸೀಟಿತ್ತು. ಗೇರು ತಲೆಕೆಳಗು ಎಂದು ಹೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಕೊನೆಗೆ ಹೇಳಿದೆ. ಮಾವ ಲಿವರನ್ನು ಎರಡು ಸಲ ಒತ್ತಿ ನೋಡಿದರು. "ಪರ್ವಾಗಿಲ್ಲ ಮಾಪ್ಳೆ. ಮಗ್ಗ ತುಳಿಯೋ ಕಾಲು, ಹೇಳಿದ್ ಮಾತು ಕೇಳ್ತದೆ" ಎಂದು ಹತ್ತಿ ಕೂತರು. ಅತ್ತೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲು ಡಬ್ಬವನ್ನು, ಆಮೇಲೆ ಮಾವನ ಹೆಗಲನ್ನು ಹಿಡಿದರು. ಬಂಡಿ ಬೀದಿ ದಾಟುವ ತನಕ ಅವರು ಹಿಂತಿರುಗಿ ನೋಡಲಿಲ್ಲ.

ನಾನು, ಹೆಂಡತಿ ಮದುಕ್ಕರೈಯ ಬಸ್ಸು ಹಿಡಿದೆವು. ಬಸ್ಸು ಪಾಲಕ್ಕಾಡು ರಸ್ತೆಯಲ್ಲಿ ಕುನಿಯಮುತ್ತೂರು ದಾಟಿತು. ಬಂಡಿ ಎಲ್ಲೂ ಕಾಣಲಿಲ್ಲ. ಮುಟ್ಟಿರುತ್ತಾರೆ ಬಿಡು ಎಂದು ನಾನು ಕಾಲು ಚಾಚಿ ಕೂತೆ. ಪಕ್ಕದಲ್ಲಿದ್ದವರೊಬ್ಬರಿಗೆ ಎಂಜಿನ್ ಕಟ್ಟುವುದು ಹೇಗೆಂದು ವಿವರಿಸಲು ಶುರು ಮಾಡಿದ್ದೆ. ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣುವಷ್ಟು ಹತ್ತಿರ ಬಂದಾಗ ಹೆಂಡತಿ ನನ್ನ ತೊಡೆ ಚಿವುಟಿದಳು. ಈ ಸಲ ಅದು ಪ್ರೀತಿಯಲ್ಲ ಎಂದು ಗೊತ್ತಾಯಿತು. ರಸ್ತೆಯ ಬದಿಯಲ್ಲಿ ಮಾವ ಬಂಡಿಯ ಹ್ಯಾಂಡಲ್ ಹಿಡಿದು ತಳ್ಳುತ್ತಿದ್ದರು, ಅತ್ತೆ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತೇ ಇದ್ದರು.

ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲಿಸಿ ಇಳಿದು ಓಡಿದೆ. ಮೊಣಕಾಲು ಇನ್ನೂ ನೋಯುತ್ತಿತ್ತು.

"ಚೆನ್ನಾಗೇ ಬರ್ತಿತ್ತು. ಇದ್ದಕ್ಕಿದ್ದಂಗೆ ಉಸಿರು ಬಿಡ್ತು" ಎಂದರು ಮಾವ. ಅಂಗಿ ಬೆನ್ನಿಗೆ ಅಂಟಿತ್ತು. "ಇಲ್ಲಿ ರೋಡಲ್ಲಿ ಬಿಚ್ಚೋದ್ ಬೇಡ. ಅಕ್ಕನ ಮನೆ ಹತ್ರಾನೇ ಐತೆ."

"ಅತ್ತೆ, ಇಳೀರಿ. ತಳ್ಳೋಕೆ ಸುಲಭ ಆಗ್ತದೆ" ಎಂದೆ.

"ಇಳಿಯಲ್ಲ."

"ಅಮ್ಮಾ, ಅಪ್ಪ ನೋಡು ಹೆಂಗೆ ಬೆವತವ್ರೆ" ಎಂದಳು ಹೆಂಡತಿ.

"ಇಳಿದ್ರೆ ನಡ್ಕೊಂಡ್ ಬಂದಂಗೆ ಆಗ್ತದೆ. ನಾನ್ ಬಂಡೀಲಿ ಬರ್ತೀನಿ ಅಂತ ಹೇಳಿವ್ನಿ. ತಳ್ಳೋದಾದ್ರೆ ತಳ್ಳಿ, ಇಲ್ಲ ಅಂದ್ರೆ ಇಲ್ಲೇ ಕೂತಿರ್ತೀನಿ."

ಮಾವ ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನಗು ಇತ್ತು. ಅವರು ಮುಂದೆ, ನಾನು ಹಿಂದೆ, ಹೆಂಡತಿ ಪಕ್ಕದಲ್ಲಿ ಮುರುಕ್ಕಿನ ಡಬ್ಬ ಹಿಡಿದು, ಹೀಗೆ ಮೆರವಣಿಗೆ ಹೊರಟಿತು. ಮೂರು ತಿಂಗಳು ನಾನು ಕಟ್ಟಿದ ಎಂಜಿನ್ನು ಕೊನೆಗೆ ನನ್ನ ಎರಡು ಕಾಲು, ಮಾವನ ಎರಡು ಕಾಲುಗಳ ಮೇಲೆ ಓಡಿತು. ಲಾರಿಯವರು ಹಾರ್ನ್ ಹೊಡೆದು ನಕ್ಕರು. ಅತ್ತೆ ಯಾರನ್ನೂ ನೋಡದೆ ಮುಂದಕ್ಕೇ ದೃಷ್ಟಿ ನೆಟ್ಟು ಕೂತಿದ್ದರು.

ಅಕ್ಕನ ಮನೆಯ ಬೀದಿಗೆ ತಿರುಗಿದಾಗ ಆಕೆ ಜಗುಲಿಯ ಮೇಲೇ ಕಾದಿದ್ದರು. ನನ್ನ ಹೆಂಡತಿಗೆ ದೊಡ್ಡಮ್ಮ. ತೆಳ್ಳನೆಯ ಮುದುಕಿ, ದಪ್ಪ ಕನ್ನಡಕ. ಎದ್ದು ಕೆಳಗಿಳಿದು ಬಂದು ಬಂಡಿಯ ಮುಂದೆ ನಿಂತರು. ಅತ್ತೆ ಇಳಿಯಲಿಲ್ಲ. ಆ ಪ್ರಶ್ನೆ ಬರಲಿ ಎಂದು ಕಾಯುತ್ತಾ ಕೂತರು. ದೊಡ್ಡಮ್ಮ ಕೇಳಲಿಲ್ಲ. ಸೀಟನ್ನು ಮುಟ್ಟಿ ನೋಡಿದರು, ಬೆವರು ಸುರಿಸುತ್ತಿದ್ದ ನಮ್ಮಿಬ್ಬರನ್ನೂ ನೋಡಿದರು.

"ಕೇಳು ಅಕ್ಕಾ" ಎಂದರು ಅತ್ತೆ.

"ಇನ್ನೇನ್ ಕೇಳೋದು, ಬಂದಿದ್ಯಲ್ಲ. ಇಳಿ ಸಾಕು. ನಾನ್ ಹತ್ಬೇಕು."

"ನೀನಾ?"

"ಮತ್ತಿನ್ಯಾರು? ಇಷ್ಟ್ ವರುಷ ಸುಮ್ಮಾ ಕೇಳ್ತಿದ್ನಾ? ನೀ ಬಂಡೀಲಿ ಬಂದ್ರೆ ನನ್ನೂ ಒಂದ್ ಸುತ್ತು ಕೂರಿಸ್ಕೊಂಡ್ ಹೋಗ್ತೀಯ ಅಂತ ಆಸೆ. ನನ್ನನ್ನ ಯಾರು ಕೂರಿಸ್ಕೊಂಡ್ ಹೋಗ್ತಾರೆ?" ದೊಡ್ಡಮ್ಮನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು.

ಲಾರಿಯವರ ನಗುವಿಗೂ ಇಳಿಯದವರು ಈಗ ಮೆಲ್ಲಗೆ ಇಳಿದರು.

ಮಾವ ಜಗುಲಿಯ ಮೇಲೆ ಕಾರ್ಬ್ಯುರೇಟರ್ ಬಿಚ್ಚಿಟ್ಟರು. ಪೆಟ್ರೋಲು ಸೂಸುವ ಸಣ್ಣ ಹಿತ್ತಾಳೆ ತುಂಡನ್ನು ನಾನು ಬಾಯಿಗಿಟ್ಟು ಊದಿದೆ. ಅಂಗೈ ಮೇಲೆ ಏನೋ ಬಿತ್ತು. ಕೆಂಪು ನೂಲಿನ ಎಳೆ, ಅದರಲ್ಲಿ ಪುಟ್ಟ ಗಂಟು. ನಾನೇ ಪೋಣಿಸಲು ಹೇಳಿದ್ದು, ನಾನೇ ಕತ್ತರಿಸಿ ಎಳೆದದ್ದು, ಒಳಗೇ ಉಳಿದು ಕೊಳವೆ ಹಿಡಿದು ಇಲ್ಲಿಯವರೆಗೆ ಪ್ರಯಾಣ ಮಾಡಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹೆಂಡತಿ ಆಕಾಶ ನೋಡುತ್ತಿದ್ದಳು. ಮಾವ ಆ ಎಳೆಯನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದರು, ತಮ್ಮ ಬಿಳೀ ಪಂಚೆಯ ಅಂಚಿಗೆ ಉಜ್ಜಿದರು, ಮತ್ತೆ ನೋಡಿದರು.

"ಪೆಟ್ರೋಲಲ್ಲಿ ಇಷ್ಟ್ ದಿನ ಬಿದ್ದಿದ್ರೂ ಬಣ್ಣ ಬಿಟ್ಟಿಲ್ಲ ನೋಡಿ ಮಾಪ್ಳೆ" ಎಂದರು. ಬೈಗುಳಕ್ಕೆ ಕಾದು ನಿಂತಿದ್ದ ನನಗೆ ಅಷ್ಟೇ ಸಿಕ್ಕಿದ್ದು. ಆ ಎಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಎರಡನೆಯ ಒದೆತಕ್ಕೆ ಬಂಡಿ ಎದ್ದಿತು, ಮಾವ ಹತ್ತಿ ಕೂತರು. ಅತ್ತೆಯೇ ಅಕ್ಕನ ಕೈ ಹಿಡಿದು ಹತ್ತಿಸಿದರು, ಸೀರೆ ಚಕ್ರಕ್ಕೆ ಸಿಕ್ಕದಂತೆ ಒತ್ತಿ ಮಡಿಸಿ ಸಿಕ್ಕಿಸಿದರು, "ಗಟ್ಟಿಯಾಗ್ ಹಿಡ್ಕೋ, ಮೊದ್ಲು ಒಂಚೂರು ಜಗ್ಗುತ್ತೆ" ಎಂದು ಅನುಭವಸ್ಥರಂತೆ ಹೇಳಿಕೊಟ್ಟರು. ಬಂಡಿ ಬೀದಿಯ ತುದಿಯಲ್ಲಿ ತಿರುಗಿ ಮರೆಯಾಯಿತು.

"ಅಣಕಿಸ್ತಾಳೆ ಅಂದ್ಕೊಂಡು ಇಷ್ಟ್ ವರುಷ ಅವಳ್ ಮೇಲೆ ಉರ್ಕೊಂಡಿದ್ನಲ್ಲ" ಎಂದರು ಅತ್ತೆ, ನನಗೋ ಬೀದಿಗೋ ತಿಳಿಯಲಿಲ್ಲ. "ಆಸೆ ಅಂತ ಒಂದ್ ಮಾತು ಹೇಳ್ಬಾರ್ದಾಗಿತ್ತಾ?" ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಂಡಿ ವಾಪಸ್ ಬಂದು ಮನೆ ಮುಂದೆ ನಿಂತಿತು. ದೊಡ್ಡಮ್ಮನ ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಅವರು ಇಳಿಯಲಿಲ್ಲ. ತಂಗಿಯ ಮುಖವನ್ನೇ ನೋಡಿದರು.

"ಇನ್ನೊಂದ್ ಸುತ್ತಾ?" ಎಂದು ಅತ್ತೆ ಕೇಳಿದರು.

ದೊಡ್ಡಮ್ಮ ತಲೆಯಾಡಿಸಿದರು.

"ಹೋಗ್ ಬಾ" ಎಂದು ಅತ್ತೆ ಅವರ ಕನ್ನಡಕವನ್ನು ಮೇಲಕ್ಕೆ ಸರಿಸಿದರು. ಸಂಜೆಯ ಹೊತ್ತಿಗೆ ಬಂಡಿಯಲ್ಲಿದ್ದ ಪೆಟ್ರೋಲೆಲ್ಲ ಆ ಬೀದಿಗೇ ಖರ್ಚಾಯಿತು. ಬಂಡಿಯನ್ನು ಅಲ್ಲೇ ಬಿಟ್ಟು ನಾವು ನಾಲ್ವರೂ ಬಸ್ಸಿನಲ್ಲಿ ಮನೆಗೆ ಬಂದೆವು.